ಹೋದ ಕರೆನ್ಸಿಯ ಲೆಕ್ಕ

ಮೊಬೈಲಿಗೆ ಹಾಕಿಸಿದ ದುಡ್ಡನ್ನು ಕರ್ನಾಟಕದ ಜನ ‘ಕರೆನ್ಸಿ’ ಎಂದು ಕರೆಯುತ್ತ ಬಂದಿದ್ದಾರೆ. ‘ಕರೆನ್ಸಿ ಹಾಕಿಸು’, ‘ಕರೆನ್ಸಿ ಖಾಲಿ’, ‘ಕರೆನ್ಸಿ ಕಟ್ ಆಯ್ತು’ ಎನ್ನುವ ಮೂರು ಮಾತುಗಳಲ್ಲಿ ಕೊನೆಯದರಲ್ಲೇ ಈ ಲೇಖನದ ಪ್ರಶ್ನೆ ಅಡಗಿದೆ. ಯಾರು ಕಟ್ ಮಾಡಿದರು, ಯಾಕೆ ಮಾಡಿದರು ಎಂಬುದು ಆ ಮಾತಿನಲ್ಲಿಲ್ಲ. ಮಳೆ ಬಂದ ಹಾಗೆ, ಕರೆಂಟು ಹೋದ ಹಾಗೆ, ದುಡ್ಡು ತಾನಾಗಿ ‘ಕಟ್ ಆಗುತ್ತದೆ’. ಅಮೆರಿಕ, ಯುರೋಪುಗಳಲ್ಲಿ ತಿಂಗಳ ಕೊನೆಗೆ ಬರುವ ಬಿಲ್ಲು ನೋಡಿ ಗ್ರಾಹಕರು ಬೆಚ್ಚಿಬೀಳುತ್ತಾರೆ. ಅದನ್ನು ‘ಬಿಲ್ ಶಾಕ್’ ಎನ್ನುತ್ತಾರೆ. ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮೊಬೈಲ್ ಸಂಪರ್ಕಗಳು ಪ್ರೀಪೇಯ್ಡ್. ಇಲ್ಲಿ ಹಣ ಮೊದಲೇ ಕಂಪನಿಯ ಕೈಗೆ ಹೋಗಿರುತ್ತದೆ, ಬಿಲ್ಲು ಎಂಬುದೇ ಇರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಅನ್ಯಾಯದ ಕಡಿತಕ್ಕೆ ಕಾಗದದ ಗುರುತೂ ಉಳಿಯುವುದಿಲ್ಲ. ಇಂಥ ಕಡಿತಗಳಿಗೆ ಕಾರಣವೇನು, ಮದ್ದು ಏನು ಎಂಬುದರ ಬಗ್ಗೆ ಮೂರು ದಶಕಗಳಲ್ಲಿ ಹಲವು ಉತ್ತರಗಳು ಬಂದಿವೆ. ಅವುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಗ್ರಾಹಕರ ಕೈಗೆ ಇನ್ನಷ್ಟು ಮಾಹಿತಿ ತುಂಬಿದ ಸುಧಾರಣೆಗಳು ಹೆಚ್ಚು ದೂರ ಹೋಗಲಿಲ್ಲ, ಒಪ್ಪಿಗೆಯನ್ನು ಸಾಬೀತು ಮಾಡುವ ಹೊರೆಯನ್ನು ಕಂಪನಿಯ ಹೆಗಲಿಗೆ ಹಾಕಿದ ಸುಧಾರಣೆಗಳು ಫಲ ಕೊಟ್ಟವು.

ನಿಮಿಷದ ದರದಿಂದ 28 ದಿನದ ತಿಂಗಳಿಗೆ

1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮ್ ಅವರಿಗೆ ಕರೆ ಮಾಡಿದಾಗ ಭಾರತದ ಮೊಬೈಲ್ ಯುಗ ಶುರುವಾಯಿತು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ದರ ದುಬಾರಿಯಾಗಿತ್ತು, ಆದರೆ ಲೆಕ್ಕ ಸರಳವಾಗಿತ್ತು: ಎಷ್ಟು ನಿಮಿಷವೋ ಅಷ್ಟು ದುಡ್ಡು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷದ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಮ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಹ್ಯಾಂಡ್‌ಸೆಟ್ ಕೊಡುವ ‘ಮಾನ್ಸೂನ್ ಹಂಗಾಮಾ’ ಯೋಜನೆ ತಂದಿತು. ಉಳಿದದ್ದನ್ನು ತಿಂಗಳ ಕಂತಿನಲ್ಲಿ ಕಟ್ಟುವ ದೀರ್ಘ ಒಪ್ಪಂದ ಅದು. ಜನ 501ನ್ನು ನೋಡಿದರು, ಕಂತನ್ನು ನೋಡಲಿಲ್ಲ. ಬಾಕಿ ಬಿಲ್ಲುಗಳು ಬೆಟ್ಟದಷ್ಟಾದವು, ಕಂಪನಿಯೂ ಪೆಟ್ಟು ತಿಂದಿತು. ಹ್ಯಾಂಡ್‌ಸೆಟ್ಟನ್ನು ಒಪ್ಪಂದಕ್ಕೆ ಗಂಟು ಹಾಕುವ ಪಾಶ್ಚಾತ್ಯ ಪದ್ಧತಿ ಭಾರತದಲ್ಲಿ ಬೇರೂರಲಿಲ್ಲ.

ಬೇರೂರಿದ್ದು ಪ್ರೀಪೇಯ್ಡ್, ಅದರ ಜೊತೆಗೆ ಪ್ರೀಪೇಯ್ಡ್‌ನದೇ ಆದ ಗೊಂದಲಗಳು. 2005ರ ಕೊನೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ‘ಲೈಫ್‌ಟೈಮ್ ವ್ಯಾಲಿಡಿಟಿ’ ಮಾರಾಟಕ್ಕೆ ಬಂತು. ಯಾರ ಲೈಫ್‌ಟೈಮ್ ಎಂಬ ಪ್ರಶ್ನೆ ಎದ್ದಾಗ, ಅದು ಕಂಪನಿಯ ಪರವಾನಗಿಯ ಆಯಸ್ಸು ಎಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸ್ಪಷ್ಟಪಡಿಸಬೇಕಾಯಿತು. 2018ರ ಕೊನೆಯಲ್ಲಿ ಕಂಪನಿಗಳು ತಿಂಗಳಿಗೆ ಕನಿಷ್ಠ 35 ರೂಪಾಯಿಯ ರೀಚಾರ್ಜ್ ಕಡ್ಡಾಯ ಮಾಡಲು ಹೊರಟಾಗ ಇದೇ ಗೊಂದಲ ಮರುಕಳಿಸಿತು. ಖಾತೆಯಲ್ಲಿ ದುಡ್ಡಿರುವವರ ಸಂಪರ್ಕ ಕಡಿಯಬೇಡಿ ಎಂದು ಟ್ರಾಯ್ ಸೂಚಿಸಿತು. ಹಬ್ಬದ ದಿನಗಳ ಕತೆ ಇನ್ನೊಂದು. ಎಸ್ಸೆಮ್ಮೆಸ್ ಪ್ಯಾಕ್ ಹಾಕಿಸಿಕೊಂಡವರು ಹೊಸ ವರ್ಷ, ದೀಪಾವಳಿಯಂದು ಶುಭಾಶಯ ಕಳಿಸಿದರೆ ಪ್ಯಾಕ್ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೆಚ್ಚು ಸಂದೇಶ ಹೋಗುವ ದಿನವೇ ಪೂರ್ಣ ದರ ಬೀಳುತ್ತಿತ್ತು. ಗಡಿ ಜಿಲ್ಲೆಗಳ ಪಾಡು ಬೇರೆಯೇ ಇತ್ತು. ಪಕ್ಕದ ರಾಜ್ಯದ ಟವರ್ ಹಿಡಿದರೆ ಮನೆಯಲ್ಲಿ ಕೂತವರ ಫೋನೂ ರೋಮಿಂಗ್‌ಗೆ ಹೋಗುತ್ತಿತ್ತು. ರೋಮಿಂಗ್‌ನಲ್ಲಿ ಬಂದ ಕರೆಗೆ ನಿಮಿಷಕ್ಕೆ 1.75 ರೂಪಾಯಿಯವರೆಗೆ ಇದ್ದ ಮಿತಿ 2013ರಲ್ಲಿ 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟಿದ್ದು ಡೇಟಾ ಮತ್ತು ಕಾಲರ್ ಟ್ಯೂನ್‌ನಂಥ ‘ಮೌಲ್ಯವರ್ಧಿತ ಸೇವೆ’ಗಳು. ಪ್ಯಾಕ್ ಇಲ್ಲದೆ ಇಂಟರ್‌ನೆಟ್ ತೆರೆದುಕೊಂಡರೆ 10 ಕೆ.ಬಿ.ಗೆ 10 ಪೈಸೆ ಎಂಬುದು ಒಂದು ಕಾಲದಲ್ಲಿ ಸಾಮಾನ್ಯ ದರ. ಕೇಳಲು ಹತ್ತು ಪೈಸೆ. ಗುಣಿಸಿದರೆ ಒಂದು ಎಂ.ಬಿ.ಗೆ ಹತ್ತು ರೂಪಾಯಿ ದಾಟುತ್ತದೆ, ಒಂದು ಜಿ.ಬಿ.ಗೆ ಹತ್ತು ಸಾವಿರ ದಾಟುತ್ತದೆ. ಕೆ.ಬಿ. ಎಂದರೆ ಎಷ್ಟು ಎಂದು ತಿಳಿಯದವರಿಗೆ ಕೆ.ಬಿ.ಯಲ್ಲಿ ದರ ಹೇಳುವುದು ಸುಳ್ಳು ಹೇಳಿದಂತೆ ಆಗುವುದಿಲ್ಲ. ನಿಜ ಹೇಳಿದಂತೆಯೂ ಆಗುವುದಿಲ್ಲ.

ತಿಳಿಸಿದರೆ ಸಾಕು ಎನ್ನುವವರು

ಸಮಸ್ಯೆಯ ಮೂಲ ಮಾಹಿತಿಯ ಕೊರತೆ ಎಂಬುದು ಎಲ್ಲಕ್ಕಿಂತ ಹಳೆಯ ಉತ್ತರ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಈ ತರ್ಕದ ಪ್ರಕಾರ ಮದ್ದು ಸರಳ: ಎಲ್ಲವನ್ನೂ ತಿಳಿಸಿ. ಟ್ರಾಯ್‌ನ 2012ರ ಗ್ರಾಹಕ ಸಂರಕ್ಷಣಾ ನಿಯಮಗಳು ಬಹುಮಟ್ಟಿಗೆ ಇದೇ ನಂಬಿಕೆಯ ಮೇಲೆ ನಿಂತವು. ಅಂಗಡಿಯಲ್ಲಿ ತೂಗುಹಾಕಿದ ರೀಚಾರ್ಜ್ ಕಾರ್ಡುಗಳಿಗೆ ಬಣ್ಣದ ಪಟ್ಟಿ ಬಂತು: ಪ್ಲಾನ್ ಕಾರ್ಡಿಗೆ ಕೆಂಪು, ಟಾಪ್‌ಅಪ್‌ಗೆ ಹಸಿರು, ವಿಶೇಷ ದರದ ಕಾರ್ಡಿಗೆ ಹಳದಿ. ಓದು ಬಾರದವರೂ ಬಣ್ಣ ನೋಡಿ ಕೊಳ್ಳಲಿ ಎಂಬ ಕಾಳಜಿ ಅದರಲ್ಲಿತ್ತು, ಅದು ಒಳ್ಳೆಯ ಯೋಚನೆಯೇ. ಟಾಪ್‌ಅಪ್ ಮೇಲೆ ಕಂಪನಿ ಹಿಡಿದುಕೊಳ್ಳುವ ಸಂಸ್ಕರಣಾ ಶುಲ್ಕಕ್ಕೆ ಶೇ. 10 ಅಥವಾ 3 ರೂಪಾಯಿ, ಯಾವುದು ಕಡಿಮೆಯೋ ಅದೇ ಮಿತಿ ಎಂದಾಯಿತು. ಪ್ರೀಪೇಯ್ಡ್ ಗ್ರಾಹಕರೂ 50 ರೂಪಾಯಿ ಮೀರದ ಶುಲ್ಕ ಕೊಟ್ಟು ತಮ್ಮ ಬಳಕೆಯ ವಿವರ ಪಡೆಯಬಹುದು ಎಂದಾಯಿತು.

ಈ ದಾರಿ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದು ಕೊನೆಯ ನಿಯಮದಲ್ಲೇ ಕಾಣುತ್ತದೆ. ಮೂವತ್ತು ರೂಪಾಯಿ ಎಲ್ಲಿ ಹೋಯಿತು ಎಂದು ತಿಳಿಯಲು ಐವತ್ತು ರೂಪಾಯಿವರೆಗೆ ಕೊಡಬೇಕಾದರೆ, ಯಾರೂ ಕೇಳುವುದಿಲ್ಲ. ಕಾರ್ಡು ಕೊಳ್ಳುವ ಪದ್ಧತಿಯೇ ಹೋಗಿ ಫೋನಿನಲ್ಲೇ ರೀಚಾರ್ಜ್ ಮಾಡುವ ಕಾಲ ಬಂದಾಗ ಬಣ್ಣದ ಪಟ್ಟಿಗಳು ಅರ್ಥ ಕಳೆದುಕೊಂಡವು, 2024ರ ಡಿಸೆಂಬರ್ ತಿದ್ದುಪಡಿಯಲ್ಲಿ ಟ್ರಾಯ್ ಅವನ್ನು ಕೈಬಿಟ್ಟಿತು. ಮಾಹಿತಿ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಗ್ಲಿಷಿನಲ್ಲಿ ಬಂದ ಎಸ್ಸೆಮ್ಮೆಸ್ಸನ್ನು ಮಗನ ಕೈಲೋ ಪಕ್ಕದ ಮನೆಯ ಹುಡುಗಿಯ ಕೈಲೋ ಓದಿಸಿಕೊಳ್ಳಬೇಕಾದ ಗ್ರಾಹಕರಿಗೆ ‘ತಿಳಿಸಿದ್ದೇವಲ್ಲ’ ಎಂಬ ಉತ್ತರ ನ್ಯಾಯದ ಉತ್ತರವಲ್ಲ.

ಮನಸ್ಸು ಎಡವುವ ಜಾಗ

ಎರಡನೆಯ ಪಂಥ ಇನ್ನೂ ಆಳಕ್ಕೆ ಹೋಗುತ್ತದೆ. ಗ್ರಾಹಕರಿಗೆ ಎಲ್ಲ ಮಾಹಿತಿ ಕೊಟ್ಟರೂ ಅವರು ತಮ್ಮದೇ ಮುಂದಿನ ಬಳಕೆಯ ಬಗ್ಗೆ ತಪ್ಪು ಅಂದಾಜು ಮಾಡುತ್ತಾರೆ, ಕಂಪನಿಗಳು ದರಪಟ್ಟಿಯನ್ನು ಹೆಣೆಯುವುದೇ ಆ ತಪ್ಪಿನ ಸುತ್ತ ಎಂಬುದು ಇದರ ವಾದ. 2006ರಲ್ಲಿ ಅರ್ಥಶಾಸ್ತ್ರಜ್ಞರಾದ ಝೇವಿಯರ್ ಗಾಬೆ ಮತ್ತು ಡೇವಿಡ್ ಲೈಬ್ಸನ್, ಪೈಪೋಟಿ ಇದ್ದರೂ ಕಂಪನಿಗಳು ಹೆಚ್ಚುವರಿ ಶುಲ್ಕಗಳನ್ನು ಮರೆಮಾಡಿ ಲಾಭ ಮಾಡಿಕೊಳ್ಳಬಲ್ಲವು ಎಂದು ವಾದಿಸಿದರು. ಕಾನೂನು ವಿದ್ವಾಂಸ ಓರೆನ್ ಬಾರ್-ಗಿಲ್ ತಮ್ಮ 2012ರ ಪುಸ್ತಕದಲ್ಲಿ ಅಮೆರಿಕದ ಮೊಬೈಲ್ ಒಪ್ಪಂದಗಳನ್ನೇ ಒಂದು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡರು. ತಿಂಗಳಿಗೆ ಇಷ್ಟು ಬಾಡಿಗೆ, ಅದರಲ್ಲಿ ಇಷ್ಟು ನಿಮಿಷ ‘ಉಚಿತ’, ಮೀರಿದರೆ ದುಬಾರಿ ದರ ಎಂಬ ಮೂರು ಭಾಗದ ದರ, ತಮ್ಮ ಬಳಕೆ ಗೊತ್ತಿದೆ ಎಂದು ಧೈರ್ಯವಾಗಿರುವವರಿಂದಲೇ ಹಣ ತೆಗೆಯುತ್ತದೆ.

ಈ ಪಂಥದ ಒಳಗಿನಿಂದಲೇ ಅದಕ್ಕೊಂದು ಎಚ್ಚರಿಕೆಯೂ ಬಂತು. ಮಿತಿ ಮೀರುವ ಮೊದಲು ಗ್ರಾಹಕರಿಗೆ ಎಚ್ಚರಿಕೆ ಸಂದೇಶ ಕಳಿಸುವುದಾಗಿ ಅಮೆರಿಕದ ಕಂಪನಿಗಳು 2011ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆಗೆ ಒಪ್ಪಿಕೊಂಡವು. ಮೈಕೆಲ್ ಗ್ರಬ್ ಮತ್ತು ಮ್ಯಾಥ್ಯೂ ಆಸ್ಬಾರ್ನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಮಾದರಿಯ ಪ್ರಕಾರ, ಈ ಎಚ್ಚರಿಕೆಯಿಂದ ಸರಾಸರಿ ಗ್ರಾಹಕರಿಗೆ ವರ್ಷಕ್ಕೆ ಸುಮಾರು 33 ಡಾಲರ್ ನಷ್ಟವೇ ಆಗುತ್ತದೆ, ಯಾಕೆಂದರೆ ಕಂಪನಿಗಳು ಹೋದ ಆದಾಯವನ್ನು ತಿಂಗಳ ಬಾಡಿಗೆ ಏರಿಸಿ ತುಂಬಿಕೊಳ್ಳುತ್ತವೆ. ನಿಯಂತ್ರಣದ ವಿರೋಧಿಗಳು ಇದನ್ನು ಮುಂದೆ ಮಾಡುತ್ತಾರೆ. ಆದರೆ ಅದೇ ಅಧ್ಯಯನ, ಜನರ ತಪ್ಪು ಅಂದಾಜುಗಳಿಂದ ಅವರಿಗೆ ವರ್ಷಕ್ಕೆ 42 ಡಾಲರ್ ನಷ್ಟವಾಗುತ್ತಿತ್ತು ಎಂದೂ ಹೇಳುತ್ತದೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಬಾಡಿಗೆ ಏರಿದರೆ ಅದು ಎಲ್ಲರ ಕಣ್ಣಿಗೆ ಬೀಳುವ ದರ. ಒಲ್ಲದವರು ಬೇರೆ ಕಂಪನಿಗೆ ಹೋಗಬಹುದು. ಮರೆಯ ಶುಲ್ಕ ಬೀಳುವುದು ಎಡವಿದವರ ಮೇಲೆ ಮಾತ್ರ. ಸರಾಸರಿ ಲೆಕ್ಕ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಭಾರತದ 28 ದಿನದ ಪ್ಯಾಕ್ ಈ ಪಂಥಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಗ್ರಾಹಕರು ಅದನ್ನು ‘ತಿಂಗಳ ಪ್ಯಾಕ್’ ಎಂದೇ ಭಾವಿಸುತ್ತಾರೆ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಯಾವ ಸುಳ್ಳೂ ಇಲ್ಲದೆ, ಎಲ್ಲವನ್ನೂ ಕಾರ್ಡಿನ ಮೇಲೆ ಅಚ್ಚು ಹಾಕಿಸಿಯೇ ಒಂದು ತಿಂಗಳ ಬಾಡಿಗೆ ಹೆಚ್ಚಾಗಿ ಬರುತ್ತದೆ. ದೂರುಗಳು ಬಂದ ಮೇಲೆ 2022ರ ಜನವರಿಯಲ್ಲಿ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್‌ಗಳನ್ನು ಕನಿಷ್ಠ ಒಂದೊಂದಾದರೂ ಇಡಬೇಕು ಎಂದಿತು. ಪ್ಯಾಕ್‌ಗಳು ಬಂದವು. 28 ದಿನದ ಪ್ಯಾಕ್ ಮಾತ್ರ ತನ್ನ ಜಾಗ ಬಿಟ್ಟುಕೊಡಲಿಲ್ಲ.

ಪೈಪೋಟಿಯ ಮದ್ದು

ಮಾರುಕಟ್ಟೆಯನ್ನು ನಂಬುವವರ ಬಳಿ ಭಾರತದ ಮಟ್ಟಿಗೆ ಬಲವಾದ ಸಾಕ್ಷ್ಯವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ದರ ತಂದಾಗ, ಹತ್ತು ಸೆಕೆಂಡ್ ಮಾತಿಗೂ ಇಡೀ ನಿಮಿಷದ ದುಡ್ಡು ಹಿಡಿಯುವ ಪದ್ಧತಿ ತಾನಾಗಿ ಸಡಿಲವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ದರ ಕುಸಿಯಿತು. ಟ್ರಾಯ್ ಅಂಕಿಗಳಂತೆ 2014ರಲ್ಲಿ ಜಿ.ಬಿ.ಗೆ ಸರಾಸರಿ 269 ರೂಪಾಯಿ ಇದ್ದದ್ದು 2018ಕ್ಕೆ 12 ರೂಪಾಯಿಯ ಹತ್ತಿರ ಬಂತು. ದಿನದ ಡೇಟಾ ಮುಗಿದರೆ ದುಡ್ಡು ಕಟ್ ಆಗುವ ಬದಲು ವೇಗ ಕಡಿಮೆಯಾಗುವ ಪದ್ಧತಿ ಬಂತು. ಹತ್ತು ಸಾವಿರ ರೂಪಾಯಿಯ ಡೇಟಾ ಬಿಲ್ಲು ಎಂಬ ಭಯ ಬಹುಪಾಲು ಜನರಿಗೆ ಹೋಯಿತು. ಯಾವ ನಿಯಮವೂ ಇಷ್ಟು ಬೇಗ ಇಷ್ಟು ಜನರಿಗೆ ಉಪಕಾರ ಮಾಡಿರಲಿಲ್ಲ.

ಆದರೆ ಪೈಪೋಟಿ ತಾನು ಸೃಷ್ಟಿಸಿದ ಸ್ಥಿತಿಯಲ್ಲಿ ತಾನೇ ಉಳಿಯಲಿಲ್ಲ. ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಮಾರುಕಟ್ಟೆಯಲ್ಲಿ ಈಗ ಉಳಿದಿರುವುದು ಮೂರು ಖಾಸಗಿ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆ. 2024ರ ಜುಲೈನಲ್ಲಿ ಆ ಮೂರೂ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ಬರೀ ಮಾತಿಗೆ ಮಾತ್ರ ಫೋನ್ ಇಟ್ಟುಕೊಂಡವರು, ಅಂದರೆ ಕೀಪ್ಯಾಡ್ ಫೋನಿನ ಮುದುಕರು, ಕೂಲಿಯವರು, ಎರಡನೇ ಸಿಮ್ ಇರುವವರು, ಬಳಸದ ಡೇಟಾಕ್ಕೂ ದುಡ್ಡು ಕೊಡುವ ಸ್ಥಿತಿ ಬಂತು. ಮಾರುಕಟ್ಟೆ ಅವರಿಗಾಗಿ ಪ್ಯಾಕ್ ಮಾಡಲಿಲ್ಲ. ಮಾತು ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಪ್ಯಾಕ್ ಇರಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶಿಸಬೇಕಾಯಿತು.

ಕೌಂಟರಿನ ಆಚೆ ಕೂತವರು

ಮಾರಾಟದ ಮೋಸವನ್ನು ಮಾರುವವರ ಕಮಿಷನ್ ಮತ್ತು ಟಾರ್ಗೆಟ್‌ಗಳ ಮೂಲಕ ವಿವರಿಸುವವರು ಇನ್ನೊಂದು ಬಗೆಯವರು. ಆಸ್ಟ್ರೇಲಿಯಾದ ಟೆಲ್ಸ್ಟ್ರಾ ಕಂಪನಿಯ ಪ್ರಕರಣ ಇದಕ್ಕೆ ಸ್ಪಷ್ಟ ಸಾಕ್ಷಿ. ಐದು ಮಳಿಗೆಗಳಲ್ಲಿ 108 ಮೂಲನಿವಾಸಿ ಗ್ರಾಹಕರಿಗೆ, ಅವರಿಗೆ ಅರ್ಥವಾಗದ, ಕಟ್ಟಲಾಗದ ಪೋಸ್ಟ್‌ಪೇಯ್ಡ್ ಒಪ್ಪಂದಗಳನ್ನು ಮಾರಲಾಗಿತ್ತು. ಸಾಲದ ಅರ್ಹತೆಯ ವಿವರಗಳನ್ನು ಸಿಬ್ಬಂದಿಯೇ ತಿದ್ದಿದ್ದರು. ಪ್ರತಿಯೊಬ್ಬರ ಮೇಲೆ ಬಿದ್ದ ಸರಾಸರಿ ಬಾಕಿ 7,400 ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. 2021ರಲ್ಲಿ ನ್ಯಾಯಾಲಯ ಕಂಪನಿಗೆ 5 ಕೋಟಿ ಡಾಲರ್ ದಂಡ ಹಾಕಿತು. ಅದೇ ಬಗೆಯ ನಡತೆಗೆ ಆಪ್ಟಸ್ ಕಂಪನಿಗೆ 2025ರಲ್ಲಿ 10 ಕೋಟಿ ಡಾಲರ್ ದಂಡ ಬಿತ್ತು. ಮೊದಲ ದಂಡ ಎರಡನೆಯ ಕಂಪನಿಯನ್ನು ತಡೆಯಲಿಲ್ಲ ಎಂಬುದು ಯೋಚಿಸಬೇಕಾದ ವಿಷಯ.

ಅಮೆರಿಕದಲ್ಲಿ ಜಾತಕ, ಪ್ರೇಮ ಸಲಹೆ, ರಿಂಗ್‌ಟೋನ್ ಹೆಸರಿನಲ್ಲಿ ಹೊರಗಿನ ಕಂಪನಿಗಳು ಸಾಮಾನ್ಯವಾಗಿ ತಿಂಗಳಿಗೆ 9.99 ಡಾಲರ್‌ನಂತೆ ಗ್ರಾಹಕರ ಬಿಲ್ಲಿಗೆ ಸೇರಿಸುತ್ತಿದ್ದವು. ಮೊಬೈಲ್ ಕಂಪನಿ ಎಟಿ ಆ್ಯಂಡ್ ಟಿ ಈ ಮೊತ್ತದಲ್ಲಿ ಕನಿಷ್ಠ ಶೇ. 35ನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು; 2014ರ ರಾಜಿಯಲ್ಲಿ ಕಂಪನಿ 10.5 ಕೋಟಿ ಡಾಲರ್ ಕೊಡಲು ಒಪ್ಪಿತು, ಅದರಲ್ಲಿ 8 ಕೋಟಿ ಗ್ರಾಹಕರಿಗೆ ಮರುಪಾವತಿಗೆ. ಕಳ್ಳನಿಗೆ ಬಾಗಿಲು ತೆರೆದವನಿಗೂ ಪಾಲು ಸಿಗುವುದಾದರೆ ಬಾಗಿಲಿಗೆ ಬೀಗ ಬೀಳುವುದಿಲ್ಲ.

ಭಾರತದಲ್ಲಿ ಒಪ್ಪಿಗೆ ಎಷ್ಟು ಅಗ್ಗ ಎಂಬುದು 2017ರಲ್ಲಿ ಬಯಲಾಯಿತು. ಆಧಾರ್ ಬಳಸಿ ಸಿಮ್ ದೃಢೀಕರಿಸುವಾಗಲೇ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಗ್ರಾಹಕರ ಹೆಸರಿಗೆ ಖಾತೆ ತೆರೆಯಲಾಗಿತ್ತು. ಅಡುಗೆ ಅನಿಲದ ಸಬ್ಸಿಡಿ ಹಳೆಯ ಬ್ಯಾಂಕಿಗೆ ಹೋಗುವ ಬದಲು ಆ ಖಾತೆಗೆ ಹೋಗತೊಡಗಿತು. ಆಧಾರ್ ಪ್ರಾಧಿಕಾರ ಡಿಸೆಂಬರಿನಲ್ಲಿ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ದೃಢೀಕರಿಸುವ ಅನುಮತಿ ತಡೆಹಿಡಿಯಿತು. ರಿಸರ್ವ್ ಬ್ಯಾಂಕ್ 2018ರ ಮಾರ್ಚಿನಲ್ಲಿ ಆ ಪೇಮೆಂಟ್ಸ್ ಬ್ಯಾಂಕಿಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು. ಹೆಬ್ಬೆರಳು ಒತ್ತಿದ್ದು ಒಂದಕ್ಕೆ, ಒಪ್ಪಿಗೆಯಾದದ್ದು ಇನ್ನೊಂದಕ್ಕೆ.

ಒಪ್ಪಿಗೆಗೆ ಸಾಕ್ಷಿ ಯಾರ ಬಳಿ?

ಈ ನಾಲ್ಕೂ ಉತ್ತರಗಳು ಒಂದೊಂದು ತುಣುಕನ್ನು ಸರಿಯಾಗಿ ಹಿಡಿದಿವೆ. ಆದರೆ ಇವೆಲ್ಲ ಕೂಡುವ ಜಾಗ ಒಂದಿದೆ: ದುಡ್ಡು ಕಟ್ ಆಗುವ ಕ್ಷಣದಲ್ಲಿ ‘ಹೌದು’ ಎಂದವರು ಯಾರು, ಅದನ್ನು ಯಾರು ಸಾಬೀತು ಮಾಡಬೇಕು? ಕಾಲರ್ ಟ್ಯೂನನ್ನೇ ನೋಡಿ. ಬೇರೆಯವರ ಟ್ಯೂನ್ ಕೇಳುತ್ತಿರುವಾಗ ನಕ್ಷತ್ರದ ಗುಂಡಿ ಒತ್ತಿದರೆ ಅದು ನಿಮ್ಮದಾಗುತ್ತಿತ್ತು. ಕೀಪ್ಯಾಡ್ ಫೋನಿನ ಪರದೆಯ ಮೇಲೆ ಜಾಹೀರಾತು ತಾನಾಗಿ ಹಾರಿ ಬರುತ್ತಿತ್ತು, ಅದನ್ನು ಸರಿಸಲು ಒತ್ತಿದ ಗುಂಡಿಯೇ ‘ಓಕೆ’ ಆಗಿರುತ್ತಿತ್ತು. ತಿಂಗಳಿಗೆ ಮೂವತ್ತು ರೂಪಾಯಿ ಹೋಗತೊಡಗಿದ್ದು ಎಷ್ಟೋ ಜನರಿಗೆ ತಿಳಿದದ್ದು, ಕರೆ ಮಾಡಿದವರು ‘ಹಾಡು ಚೆನ್ನಾಗಿದೆ’ ಎಂದಾಗ. ಟ್ರಾಯ್ 2011ರಲ್ಲಿ ಗ್ರಾಹಕರ ದೃಢೀಕರಣ ಬೇಕು ಎಂದಿತು. 2013ರ ಜುಲೈನಲ್ಲಿ ಎರಡು ಸಲ ದೃಢೀಕರಣ ಕಡ್ಡಾಯ ಮಾಡಿ, ಸೇವೆ ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆ ಕೊಟ್ಟಿತು. ಡೇಟಾ ಚಾಲೂ ಮಾಡಲು, ನಿಲ್ಲಿಸಲು 1925 ಬಂತು. ಬಣ್ಣದ ಪಟ್ಟಿಗೂ ಎರಡು ಸಲದ ದೃಢೀಕರಣಕ್ಕೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದು ಗ್ರಾಹಕರು ಎಚ್ಚರವಾಗಿರಬೇಕೆಂದು ಕೇಳುತ್ತದೆ, ಎರಡನೆಯದು ಕಂಪನಿ ದಾಖಲೆ ತೋರಿಸಬೇಕೆಂದು ಕೇಳುತ್ತದೆ. ಐರೋಪ್ಯ ಒಕ್ಕೂಟ 2010ರಲ್ಲಿ ಇದೇ ತತ್ವವನ್ನು ರೋಮಿಂಗ್‌ಗೆ ಅನ್ವಯಿಸಿತು. ವಿದೇಶದಲ್ಲಿ ಡೇಟಾ ಬಿಲ್ಲು 50 ಯೂರೋ ಮುಟ್ಟಿದರೆ, ಗ್ರಾಹಕರು ಮುಂದುವರಿಸಿ ಎನ್ನುವವರೆಗೆ ಸಂಪರ್ಕವೇ ನಿಲ್ಲಬೇಕು.

ಗುಂಡಿ ಒತ್ತಿದವರು ಹೊಣೆ ಹೊರಬೇಡವೇ ಎಂಬ ಆಕ್ಷೇಪ ಸಹಜ. ಖಂಡಿತ ಹೊರಬೇಕು, ಗುಂಡಿ ಒತ್ತಿದ್ದು ಏನೆಂದು ತಿಳಿದು ಒತ್ತಿದ್ದರೆ. ಸಹಿ ಹಾಕಿಸಿಕೊಳ್ಳುವಾಗ ಬ್ಯಾಂಕು ಅನುಸರಿಸುವ ಕ್ರಮವನ್ನು ಮೊಬೈಲ್ ಕಂಪನಿ ಅನುಸರಿಸಲಿ ಎಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಮೊತ್ತ ಚಿಕ್ಕದು, ಇದಕ್ಕೆಲ್ಲ ಕಾನೂನು ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಮೊತ್ತ ಚಿಕ್ಕದಾಗಿರುವುದೇ ಇಲ್ಲಿನ ಅಪಾಯ. ಗ್ರಾಹಕರಿಗೆ ಅದು ಮೂವತ್ತು ರೂಪಾಯಿ, ಕೇಳಲು ಹೋದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ಕೋಟಿಗಟ್ಟಲೆ ಸಂಪರ್ಕಗಳಿಂದ ಹನಿಹನಿಯಾಗಿ ಬಂದಾಗ ಅದು ಹಳ್ಳ.

ದೊಡ್ಡ ಮೊತ್ತಕ್ಕೂ ದಾರಿ ಎಷ್ಟು ಉದ್ದವಿತ್ತು ಎಂಬುದನ್ನು ಅಹಮದಾಬಾದಿನ ಒಂದು ಪ್ರಕರಣ ತೋರಿಸುತ್ತದೆ. ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿದ್ದ ಪೋಸ್ಟ್‌ಪೇಯ್ಡ್ ಗ್ರಾಹಕರೊಬ್ಬರಿಗೆ 2013ರ ನವೆಂಬರ್–ಡಿಸೆಂಬರ್ ತಿಂಗಳಿಗೆ 24,609 ರೂಪಾಯಿ 51 ಪೈಸೆಯ ಬಿಲ್ಲು ಬಂತು. ಅವರು ಗ್ರಾಹಕರ ವೇದಿಕೆಗೆ ಹೋದರು. ಬಿಲ್ಲು ಸರಿಯೋ ತಪ್ಪೋ ಎಂಬುದಕ್ಕೆ ಮೊದಲು, ಆ ವೇದಿಕೆಗೆ ಇದನ್ನು ಕೇಳುವ ಅಧಿಕಾರವಿದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಂ ಪ್ರಕಾರ ಇಂಥ ವ್ಯಾಜ್ಯ ಮಧ್ಯಸ್ಥಿಕೆಗೆ ಮಾತ್ರ ಎಂದು 2009ರ ಒಂದು ತೀರ್ಪು ಹೇಳಿತ್ತು. ಬೇರೆ ಬಾಗಿಲುಗಳೂ ಇರಲಿಲ್ಲ: ಟ್ರಾಯ್ ವೈಯಕ್ತಿಕ ದೂರು ತೀರ್ಮಾನಿಸುವುದಿಲ್ಲ. ದೂರಸಂಪರ್ಕದ ನ್ಯಾಯಮಂಡಳಿಯ ಕಾಯ್ದೆ, ಗ್ರಾಹಕರ ವೇದಿಕೆಗೆ ಹೋಗಬಹುದಾದ ವೈಯಕ್ತಿಕ ದೂರುಗಳನ್ನು ಹೊರಗಿಟ್ಟಿದೆ. 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು, ಟೆಲಿಗ್ರಾಫ್ ಕಾಯ್ದೆ ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಎಂದು ತೀರ್ಪು ಕೊಟ್ಟಿತು. ಬಾಗಿಲು ತೆರೆದಿದೆ ಎಂದು ಖಚಿತವಾಗಲು ಎಂಟು ವರ್ಷ ಹಿಡಿಯಿತು.

ಇನ್ನೂ ತೀರದ ಲೆಕ್ಕ

ಹಲವು ಪ್ರಶ್ನೆಗಳು ಹಾಗೇ ಉಳಿದಿವೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಪರದೆಯ ಮೇಲಿನ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಬಿಡಿಸಿಕೊಳ್ಳಲಾಗದ ಚಂದಾ, ಕೊನೆಯಲ್ಲಿ ಸೇರಿಸುವ ಶುಲ್ಕ, ಕೇಳದೆ ಬುಟ್ಟಿಗೆ ಹಾಕುವುದು ಎಲ್ಲ ಅದರಲ್ಲಿವೆ. ರೀಚಾರ್ಜ್ ಆ್ಯಪ್‌ಗಳಲ್ಲಿ ಇದನ್ನು ನೋಡಿಕೊಳ್ಳುವುದು ಆ ಪ್ರಾಧಿಕಾರದ ಕೆಲಸವೋ ಟ್ರಾಯ್‌ದೋ ಎಂಬ ಗಡಿ ಸ್ಪಷ್ಟವಾಗಬೇಕು. 28 ದಿನವನ್ನು ತಿಂಗಳೆಂದು ಮಾರುವುದು ಬರೀ ಆಯ್ಕೆಯ ಪ್ರಶ್ನೆಯೋ ದಾರಿ ತಪ್ಪಿಸುವಿಕೆಯೋ ಎಂಬುದಕ್ಕೂ ಉತ್ತರ ಬಂದಿಲ್ಲ. ಸಾವಿರಾರು ಜನರಿಂದ ಹತ್ತು ಹತ್ತು ರೂಪಾಯಿ ಹೋದಾಗ, ಒಬ್ಬೊಬ್ಬರೂ ದೂರು ಕೊಡದೆ ಎಲ್ಲರಿಗೂ ಒಟ್ಟಿಗೆ ಹಣ ಹಿಂದಿರುಗುವ ದಾರಿ, ಅಮೆರಿಕದಲ್ಲಿ ಆದಂತೆ, ಇಲ್ಲಿ ರೂಢಿಗೆ ಬಂದಿಲ್ಲ.

ಸದ್ಯಕ್ಕೆ ಗ್ರಾಹಕರ ಕೈಲಿರುವ ದಾರಿ ಇಷ್ಟು: 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವುದು (ಅದು 39 ದಿನದಲ್ಲಿ ತೀರ್ಮಾನಿಸಬೇಕು), ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ, ಅಲ್ಲಿ ಚಿಕ್ಕ ಮೊತ್ತದ ದೂರಿಗೆ ಶುಲ್ಕವಿಲ್ಲ. 2023ರ ದೂರಸಂಪರ್ಕ ಕಾಯ್ದೆ ಕಂಪನಿಗಳೇ ಆನ್‌ಲೈನ್ ದೂರು ವ್ಯವಸ್ಥೆ ಇಡಬೇಕು ಎನ್ನುತ್ತದೆ, ಗ್ರಾಹಕ ಸಂರಕ್ಷಣಾ ಕಾಯ್ದೆಯ ಹಕ್ಕನ್ನೂ ಉಳಿಸಿದೆ. ಆಸ್ಟ್ರೇಲಿಯಾದಲ್ಲಿ ದೂರಸಂಪರ್ಕಕ್ಕೇ ಮೀಸಲಾದ ಒಂಬುಡ್ಸ್‌ಮನ್ 1993ರಿಂದ ಕೆಲಸ ಮಾಡುತ್ತಿದೆ. ಅಂಥದೊಂದು ಭಾರತಕ್ಕೂ ಬೇಕೆಂದು ಟ್ರಾಯ್ ಮೊದಲು ಶಿಫಾರಸು ಮಾಡಿದ್ದು 2004ರಲ್ಲಿ, ಮತ್ತೆ ಮಾಡಿದ್ದು 2017ರಲ್ಲಿ. ಆ ಕಚೇರಿ ಇನ್ನೂ ತೆರೆದಿಲ್ಲ.